ಟಯರಿಗೆ ಒದ್ದರೆ ಗಾಳಿಯ ಲೆಕ್ಕ ಸಿಗದು

ಜೀಪು ಇರುವ ಕೃಷಿಕರ ಮನೆಯಲ್ಲಿ ಗಾಳಿ ಪರೀಕ್ಷೆ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ಹೊರಡುವ ಮೊದಲು ಗಾಡಿಗೆ ಒಂದು ಸುತ್ತು ಬರುವುದು, ಪ್ರತಿ ಟಯರಿಗೂ ಕಾಲಿನಿಂದ ಒಂದೊಂದು ಒದೆ ಕೊಡುವುದು. 'ಠಣ್' ಅಂದರೆ ಪಾಸು, 'ಥಪ್' ಅಂದರೆ ಫೇಲು. ಇಪ್ಪತ್ತೆರಡು ವರ್ಷ ನಾನೂ ಇದೇ ವಿದ್ಯೆಯಲ್ಲಿ ಜೀಪು ಓಡಿಸಿದವನು. ಒದೆಯ ಶಬ್ದ ಕೇಳಿ 'ಮೂವತ್ತು ಪೌಂಡು ಉಂಟು' ಎಂದು ಇತರರಿಗೆ ಹೇಳುವಷ್ಟು ಧೈರ್ಯವೂ ಇತ್ತು.

ಆ ಧೈರ್ಯ ಇಳಿದ ಕತೆ ಹೇಳಿಯೇ ಮುಂದೆ ಹೋಗುತ್ತೇನೆ. ಸಂತೋಷದ ಕತೆಯಲ್ಲ, ತಪ್ಪು ನನ್ನದೇ.

ಆಟಿ ತಿಂಗಳಲ್ಲಿ ಆದದ್ದು

ಎರಡನೇ ಬೋರ್ಡೋ ಸಿಂಪಡಣೆಯ ಸಮಯ. ಮೇಲಿನ ತೋಟಕ್ಕೆ ಡ್ರಮ್ಮು, ಸುಣ್ಣ, ಮೈಲುತುತ್ತು, ಪಂಪು ಎಲ್ಲ ಸಾಗಿಸಬೇಕು. ಗುಡ್ಡದ ಚಡವಿನಲ್ಲಿ ಮಣ್ಣು ಗಂಜಿಯಂತಾಗಿತ್ತು. ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ, ಗಾಡಿ ಮೇಲೇರುವುದಿಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೆಂಕಿಕಡ್ಡಿ ತೆಗೆದು ವಾಲ್ವಿಗೆ ಒತ್ತಿ ಹಿಂದಿನ ಎರಡೂ ಟಯರಿನ ಗಾಳಿ 'ಅಂದಾಜಿಗೆ' ಬಿಟ್ಟೆ. ಜೀಪು ಆನೆಯ ಹಾಗೆ ಹತ್ತಿತು. ಬಹಳ ಖುಷಿಯಾಯಿತು.

ಖುಷಿಯಲ್ಲಿ ಗಾಳಿ ತುಂಬಿಸುವುದು ಮರೆತೇಹೋಯಿತು. ಮೂರು ದಿನ ಕಳೆದು ಸಂಜೆ ಕೆಲಸದವರನ್ನು ಮನೆಗೆ ಬಿಡಲು ಹೊರಟೆ. ಹಿಂದೆ ಏಳು ಜನ. ಡಾಮರು ರಸ್ತೆ, ಇಳಿಜಾರು, ಎಡಕ್ಕೆ ತಿರುವು. ವೇಗ ಮೂವತ್ತು ಕಿಲೋಮೀಟರಿನ ಆಸುಪಾಸು, ಅದಕ್ಕಿಂತ ಹೆಚ್ಚಿರಲಿಲ್ಲ. ಸ್ಟೇರಿಂಗ್ ತಿರುಗಿಸಿದೆ. ಗಾಡಿಯ ಹಿಂಭಾಗ ಬಲಕ್ಕೆ ಎಳೆದುಕೊಂಡು ಹೋಯಿತು, 'ಟಪ್' ಎಂದಿತು, ಮೂತಿ ಹೋಗಿ ಎಡದ ಬರೆಗೆ ಗುದ್ದಿ ಜೀಪು ವಾಲಿ ನಿಂತಿತು. ಬರೆ ಇದ್ದದ್ದು ನಮ್ಮ ಪುಣ್ಯ. ಬಲಬದಿಯಲ್ಲಿ ಹದಿನೈದು ಅಡಿ ಕೆಳಗೆ ತೋಡು.

ಆರು ಜನರಿಗೆ ತರಚು ಗಾಯ. ನಮ್ಮಲ್ಲಿ ಹದಿನೆಂಟು ವರ್ಷದಿಂದ ಕೆಲಸಕ್ಕೆ ಬರುವ ಅಕ್ಕನೊಬ್ಬರ ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅವರೇ ನನಗೆ ಸಮಾಧಾನ ಹೇಳಿದರು: 'ರಸ್ತೆಯೇ ಹಾಗಿದೆ ಅಣ್ಣ, ನೀವೇನು ಮಾಡ್ತೀರಿ?'

ಹೌದೆಂದು ತಲೆಯಾಡಿಸಿದೆ. ಊರಿಗೆಲ್ಲ ಅದೇ ಮಾತು ಹಬ್ಬಿತು: ರಸ್ತೆ ಸರಿಯಿಲ್ಲ, ತಿರುವು ಸರಿಯಿಲ್ಲ.

ಮರುದಿನ ಬಂದ ಮೆಕ್ಯಾನಿಕ್ ಬಲಹಿಂದಿನ ಟಯರು ಕಳಚಿದ. ಟಯರು ರಿಮ್ಮಿನ ಮೇಲೆ ಜಾರಿ ತಿರುಗಿ, ಟ್ಯೂಬಿನ ವಾಲ್ವ್ ಬುಡದಿಂದಲೇ ಕಿತ್ತು ಬಂದಿತ್ತು. ಎಡದ್ದಕ್ಕೆ ಮೀಟರು ಹಿಡಿದ. ಹದಿಮೂರು ಪೌಂಡು. ಇರಬೇಕಾದ್ದರ ಅರ್ಧವೂ ಇಲ್ಲ. 'ಇದರಲ್ಲಿ ಗಾಳಿ ಎಲ್ಲಿತ್ತು ಮಾರಾಯ್ರೇ?' ಅಂದ. ನನ್ನಲ್ಲಿ ಉತ್ತರ ಇರಲಿಲ್ಲ. ರಸ್ತೆ ಹಿಂದಿನ ದಿನವೂ ಹಾಗೇ ಇತ್ತು, ಅದರ ಹಿಂದಿನ ವರ್ಷವೂ ಹಾಗೇ ಇತ್ತು. ಆ ದಿನ ಬೇರೆಯಾಗಿದ್ದದ್ದು ಒಂದೇ, ಗಾಳಿ.

ಭಾರ ಹೊರುವುದು ಗಾಳಿ

ಆಮೇಲೆ ಕೇಳಿ, ಓದಿ, ಮಾಡಿ ನೋಡಿ ತಿಳಿದದ್ದನ್ನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ. ಅದು ಬಾಗುವುದಿಲ್ಲ, ಹಾಗಾಗಿ ಕಲ್ಲಿನ ಮೇಲೆ ಹೋದರೆ ಕುಳಿತವನ ಬೆನ್ನೇ ಬಾಗಬೇಕು. ಗಾಳಿಯ ಟಯರನ್ನು ಬಳಕೆಗೆ ತಂದವರು ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್, ವೃತ್ತಿಯಲ್ಲಿ ದನದ ಡಾಕ್ಟರು. ಮಗನ ಮೂರುಚಕ್ರದ ಸೈಕಲಿಗೆ ಮಾಡಿದ ಪ್ರಯೋಗಕ್ಕೆ 1888ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅಂದಿನಿಂದ ಗಾಡಿಯ ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ರಬ್ಬರು ಮತ್ತು ನೂಲು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ.

ಲೆಕ್ಕ ಸುಲಭ. ಒಂದು ಚಕ್ರದ ಮೇಲೆ 400 ಕಿಲೋ ಭಾರ ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 880 ಪೌಂಡು. 30 ಪೌಂಡು ಗಾಳಿ ಎಂದರೆ ಒಂದು ಚದರ ಇಂಚು ಜಾಗಕ್ಕೆ 30 ಪೌಂಡು ಒತ್ತಡ. ಭಾರ ಹೊರಲು ಸುಮಾರು 29 ಚದರ ಇಂಚು ಟಯರು ನೆಲ ಮುಟ್ಟಬೇಕು. ಗಾಳಿ 15ಕ್ಕೆ ಇಳಿದರೆ ಸುಮಾರು 58 ಚದರ ಇಂಚು ಬೇಕು. ಟಯರಿಗೆ ಸ್ವಂತ ಬಿಗಿಯೂ ಇರುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆದೀತು. ಅಷ್ಟು ಜಾಗ ನೆಲ ಮುಟ್ಟಬೇಕಾದರೆ ಟಯರು ತಗ್ಗಿ ಕೂರಬೇಕು, ಅದರ ಪಕ್ಕೆ ಉಬ್ಬಬೇಕು. ಪಕ್ಕೆ ಅಂದರೆ ನೆಲ ಮುಟ್ಟುವ ಹಲ್ಲಿಗೂ ರಿಮ್ಮಿಗೂ ನಡುವಿನ ಭಾಗ, ಮೆಕ್ಯಾನಿಕರು ಸೈಡ್‌ವಾಲ್ ಅನ್ನುವುದು.

ಇಡೀ ಕತೆ ಈ ಪಕ್ಕೆಯದ್ದೇ. ಹಳೆಯ ಜೀಪುಗಳ 6.00-16 ಟಯರಿನಲ್ಲಿ ರಿಮ್ಮಿನ ಅಂಚಿನಿಂದ ಹಲ್ಲಿನವರೆಗೆ ಹೆಚ್ಚುಕಡಿಮೆ ಆರು ಇಂಚು ಪಕ್ಕೆ. ಎತ್ತರದ ಪಕ್ಕೆ ಕಲ್ಲು, ಗುಂಡಿಗೆ ಒಳ್ಳೆಯದು, ಏಟನ್ನು ತಾನು ನುಂಗುತ್ತದೆ. ತಿರುವಿನಲ್ಲಿ ಮಾತ್ರ ಅದೇ ಎತ್ತರ ತೊಂದರೆ ಕೊಡಬಹುದು.

ತಿರುಗಿಸಿದಾಗ ಹಲ್ಲು ನೆಲವನ್ನು ಕಚ್ಚಿ ಹಿಡಿಯುತ್ತದೆ. ಗಾಡಿಯ ಭಾರ ರಿಮ್ಮನ್ನು ಹೊರಗೆ ತಳ್ಳುತ್ತದೆ. ನಡುವೆ ಸಿಕ್ಕಿದ ಪಕ್ಕೆ ಓರೆಯಾಗಿ ಬಾಗುತ್ತದೆ. ಹಾಗಾಗಿ ಚಕ್ರ ನೋಡುವ ದಿಕ್ಕು ಒಂದು, ಗಾಡಿ ಹೋಗುವ ದಿಕ್ಕು ಅದಕ್ಕಿಂತ ಸ್ವಲ್ಪ ಬೇರೆ. ಈ ಓರೆ ನಡಿಗೆ ಎಲ್ಲ ಟಯರಿಗೂ ಇದೆ, ಅದಿಲ್ಲದೆ ತಿರುಗುವ ಬಲವೇ ಹುಟ್ಟುವುದಿಲ್ಲ. ಗಾಳಿ ಕಡಿಮೆಯಾದಷ್ಟೂ ಅದು ಹೆಚ್ಚುತ್ತದೆ. ಮುಂದಿನ ಟಯರಿನಲ್ಲಿ ಗಾಳಿ ಕಮ್ಮಿಯಾದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ಸಾಕಷ್ಟು ತಿರುಗದೆ ನೆಟ್ಟಗೆ ಹೊರಗೆ ಹೋಗುತ್ತದೆ. ಹಿಂದಿನದ್ದರಲ್ಲಿ ಕಮ್ಮಿಯಾದರೆ ಹಿಂಭಾಗ ಬೀಸುತ್ತದೆ. ನನಗಾದದ್ದು ಎರಡನೆಯದ್ದು. ಹಿಂದೆ ಏಳು ಜನರ ಭಾರವೂ ಸೇರಿತ್ತಲ್ಲ!

ಅಡಿಕೆ ಕೊಯ್ಯುವವರನ್ನು ನೋಡಿ. ಮರವನ್ನು ಬಾಗಿಸಿ ಪಕ್ಕದ ಮರ ಹಿಡಿಯುತ್ತಾರೆ. ಮರ ಬಾಗುವುದರಿಂದಲೇ ಅವರ ಕೆಲಸ ಸಾಗುತ್ತದೆ. ಎಷ್ಟು ಬಾಗೀತು ಎಂಬ ಅಂದಾಜು ತಪ್ಪಿದರೆ ಆ ದಿನವೇ ಕೆಡುಕು. ಟಯರಿನ ಪಕ್ಕೆಯೂ ಹಾಗೆಯೇ. ಬಾಗಬೇಕು, ಲೆಕ್ಕದಲ್ಲಿ ಬಾಗಬೇಕು.

ಸೀಮೆಸುಣ್ಣದ ಪರೀಕ್ಷೆ

ಇದು ಪುಸ್ತಕದ ಮಾತು ಅಂತ ತೋರಿದರೆ ನಿಮ್ಮ ಅಂಗಳದಲ್ಲೇ ನೋಡಬಹುದು. ಟಯರಿನ ಹಲ್ಲಿನ ಅಂಚಿನಿಂದ ಪಕ್ಕೆಯ ಮೇಲೆ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಒಂದೊಂದು ಟಯರಿಗೂ ಮೂರು ನಾಲ್ಕು ಕಡೆ. ಒಣ ಗಟ್ಟಿ ನೆಲದಲ್ಲಿ, ಯಾರನ್ನೂ ಕೂರಿಸದೆ, ನಿಧಾನಕ್ಕೆ ಒಂದೇ ದಿಕ್ಕಿಗೆ ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿ. ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟಯರು ಮಗ್ಗುಲಾಗಿ ನೆಲಕ್ಕೆ ಉಜ್ಜಿದೆ ಎಂದರ್ಥ.

ಸರಿಯಾದ ಗಾಳಿಯಲ್ಲಿ ನನ್ನ ಜೀಪಿನ ಗೆರೆ ಹಲ್ಲಿನ ಅಂಚಿನಲ್ಲಿ ಮಾತ್ರ ಅಳಿಸಿತು. ಹೊರಬದಿಯ ಟಯರುಗಳ ಗಾಳಿಯನ್ನು ಅರ್ಧಕ್ಕಿಳಿಸಿ ಅದೇ ಸುತ್ತು ಹೊಡೆದಾಗ ಪಕ್ಕೆಯ ಮೇಲೆ ಎರಡು ಬೆರಳಿನಷ್ಟು ಗೆರೆ ಮಾಯ! ಅದೂ ಖಾಲಿ ಗಾಡಿಯಲ್ಲಿ, ಅಂಗಳದ ವೇಗದಲ್ಲಿ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ನಿಂತ ಜೀಪಿನ ಮೈಯನ್ನು ಪಕ್ಕದಿಂದ ಇಬ್ಬರು ಹಿಡಿದು ಅಲ್ಲಾಡಿಸಿ, ಮೂರನೆಯವನು ಟಯರು ನೋಡಲಿ. ಹಲ್ಲು ಕದಲುವುದಿಲ್ಲ, ರಿಮ್ಮು ಆಚೀಚೆ ಓಲಾಡುತ್ತದೆ. ಓಲಾಟ ಎಷ್ಟು ಹೆಚ್ಚೋ ಗಾಳಿ ಅಷ್ಟು ಕಮ್ಮಿ.

ತಿರುವಿನ ಲೆಕ್ಕ

'ಮೂವತ್ತರ ವೇಗ ಒಂದು ವೇಗವಾ?' ಎಂದು ಹಲವರು ನನ್ನಲ್ಲಿ ಕೇಳಿದರು. ಲೆಕ್ಕ ಹಾಕೋಣ.

ನಮ್ಮ ಗುಡ್ಡದ ರಸ್ತೆಯ ಗಟ್ಟಿ ತಿರುವಿನ ತ್ರಿಜ್ಯ 15 ಮೀಟರು ಎಂದಿಟ್ಟುಕೊಳ್ಳಿ. 20 ಕಿಲೋಮೀಟರು ವೇಗದಲ್ಲಿ ತಿರುಗಿದರೆ ಗಾಡಿಯನ್ನು ಪಕ್ಕಕ್ಕೆ ತಳ್ಳುವ ಬಲ ಅದರ ಭಾರದ ನೂರಕ್ಕೆ 21ರಷ್ಟು. 30ರಲ್ಲಿ ನೂರಕ್ಕೆ 47. 40ರಲ್ಲಿ ನೂರಕ್ಕೆ 84. ವೇಗ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟು. ಇಪ್ಪತ್ತಕ್ಕೂ ಮೂವತ್ತಕ್ಕೂ ನಮ್ಮ ಕಾಲಿಗೆ ಗೊತ್ತಾಗುವ ವ್ಯತ್ಯಾಸ ಸಣ್ಣದು, ಟಯರಿಗೆ ಅದು ಇಮ್ಮಡಿಗಿಂತ ಹೆಚ್ಚು.

ಇನ್ನು ಮಗುಚುವ ಲೆಕ್ಕ. ಎಡಬಲ ಚಕ್ರಗಳ ನಡುವೆ ನಾಲ್ಕು ಅಡಿ, ಗಾಡಿಯ ಭಾರದ ಕೇಂದ್ರ ನೆಲದಿಂದ ಎರಡೂವರೆ ಅಡಿ ಎತ್ತರ ಎಂದಾದರೆ, ಮಗುಚಲು ಭಾರದ ನೂರಕ್ಕೆ 80ರಷ್ಟು ಪಕ್ಕದ ಬಲ ಬೇಕು. ಹಿಂದೆ ಜನ ನಿಂತು, ಟಾಪಿನ ಮೇಲೆ ಗೋಣಿ ಹೇರಿ ಆ ಕೇಂದ್ರ ಮೂರು ಅಡಿಗೇರಿದರೆ ನೂರಕ್ಕೆ 67 ಸಾಕು. ಇದು ಗಾಡಿ ಕಲ್ಲಿನ ಹಾಗೆ ಗಟ್ಟಿ ಎಂದು ಹಿಡಿದ ಲೆಕ್ಕ. ನಿಜವಾಗಿ ಸ್ಪ್ರಿಂಗು ವಾಲುತ್ತದೆ, ಹೊರಗಿನ ಟಯರು ತಗ್ಗುತ್ತದೆ, ಪಕ್ಕೆ ಬಾಗಿ ಗಾಡಿಯ ಮೈ ಹೊರಕ್ಕೆ ಸರಿಯುತ್ತದೆ. ನಾಲ್ಕಡಿಯ ಆಧಾರ ಆಮೇಲೆ ಪೂರ್ತಿ ನಾಲ್ಕಡಿಯಾಗಿ ಉಳಿಯುವುದಿಲ್ಲ.

ಒದ್ದೆ ಡಾಮರಿನಲ್ಲಿ ಗಾಡಿ ಮಗುಚುವ ಮೊದಲೇ ಜಾರುವುದೂ ಉಂಟು. ಜಾರಿದ ಚಕ್ರ ಚರಂಡಿಯ ಅಂಚಿಗೋ ಕಲ್ಲಿಗೋ ತಾಗಿತೋ, ಮತ್ತೆ ಮಗುಚಲು ಹೆಚ್ಚು ವೇಗ ಬೇಡ. ಗಾಳಿ ತೀರಾ ಕಮ್ಮಿಯಿದ್ದರೆ ರಿಮ್ಮೇ ನೆಲ ಕಚ್ಚಿ ಅದೇ ಕೆಲಸ ಮಾಡೀತು.

ಕೆಸರಿಗೆ ಗಾಳಿ ಬಿಡುವುದು ತಪ್ಪೇ?

ತಪ್ಪಲ್ಲ. ಮೆದು ನೆಲದಲ್ಲಿ, ಮರಳಿನಲ್ಲಿ ಗಾಳಿ ಇಳಿಸಿದರೆ ಟಯರಿನ ಪಾದ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ಹೂತುಹೋಗುವುದು ಕಡಿಮೆ. ನಾನು ಈಗಲೂ ಮಾಡುತ್ತೇನೆ. ಆದರೆ ಮೀಟರು ಹಿಡಿದು ಇಳಿಸುತ್ತೇನೆ, ನಡೆದುಹೋಗುವ ವೇಗದಲ್ಲಿ ಓಡಿಸುತ್ತೇನೆ, ಹಿಂದೆ ಜನರನ್ನು ಕೂರಿಸುವುದಿಲ್ಲ. ಡಾಮರು ಮುಟ್ಟುವ ಮೊದಲು ತುಂಬಿಸುತ್ತೇನೆ. ತುಂಬಿಸುವ ಸಾಧನ ಗಾಡಿಯಲ್ಲಿ ಇಲ್ಲದಿದ್ದರೆ ಬಿಡುವ ಅಧಿಕಾರವೂ ನಮಗಿಲ್ಲ.

ನಮ್ಮ ಕಡೆಯ ಎಲ್ಲ ಕೆಸರಿಗೂ ಇದು ಮದ್ದಲ್ಲ. ಮೇಲೆ ನಾಲ್ಕಿಂಚು ಕೆಸರು, ಕೆಳಗೆ ಗಟ್ಟಿ ಮುರ ಇರುವ ಕಡೆ ಗಟ್ಟಿ ಟಯರೇ ಕೆಸರನ್ನು ಕಡಿದು ತಳ ಮುಟ್ಟುವುದನ್ನು ನಾನು ನೋಡಿದ್ದೇನೆ. ಮುರಕಲ್ಲಿನ ಚೂಪು ಅಂಚು ಇದ್ದಲ್ಲಿ ಉಬ್ಬಿದ ಪಕ್ಕೆ ಸೀಳುವ ಭಯವೂ ಉಂಟು. ಹಲ್ಲಿನ ಭಾಗಕ್ಕೆ ಮೊಳೆ ಹೊಕ್ಕರೆ ಪಂಚರ್ ಹಾಕಬಹುದು, ಪಕ್ಕೆ ಸೀಳಿದರೆ ಆ ಟಯರು ಮುಗಿಯಿತು. ಒಳಗೆ ತುಂಡು ರಬ್ಬರಿಟ್ಟು ಓಡಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ.

ಗಾಳಿ ಹೆಚ್ಚಾದರೂ ಕಷ್ಟವೇ. ಅಂಗಡಿಯವರು 'ನಲವತ್ತು ಹಾಕಿದ್ದೇನೆ, ತಿಂಗಳು ಬರುತ್ತದೆ' ಅನ್ನುತ್ತಾರೆ. ಅತಿ ಗಟ್ಟಿ ಟಯರು ಕಲ್ಲಿನ ಮೇಲೆ ಕುಪ್ಪಳಿಸುತ್ತದೆ. ಕುಪ್ಪಳಿಸುವಾಗ ನೆಲದ ಹಿಡಿತ ಇಲ್ಲ.

ಕಲಬೆರಕೆ ಟಯರು, ಮುದಿ ಟಯರು

ಸಣ್ಣ ಕೃಷಿಕರಾದ ನಾವು ನಾಲ್ಕು ಟಯರು ಒಟ್ಟಿಗೆ ತೆಗೆಯುವುದು ಅಪರೂಪ. ಈ ವರ್ಷ ಒಂದು, ಬರುವ ವರ್ಷ ಇನ್ನೊಂದು. ಇಲ್ಲಿ ಒಂದು ಎಚ್ಚರ ಬೇಕು.

ಹಳೆ ನಮೂನೆಯ ನೈಲಾನ್ ಟಯರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಅಡ್ಡ ಹಾಯುತ್ತವೆ, ಪಕ್ಕೆ ಬಿಗಿ. ಮಿಶ್ಲಾನ್ ಕಂಪೆನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್‌ನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗುತ್ತದೆ, ಹಲ್ಲಿನ ಅಡಿಯಲ್ಲಿ ಬೇರೆಯೇ ಪಟ್ಟಿ ಇರುತ್ತದೆ. ಅದರ ಪಕ್ಕೆ ಮೆದು, ಪಾದ ಗಟ್ಟಿ. ಸರಿಯಾದ ಗಾಳಿ ಇದ್ದರೂ ರೇಡಿಯಲ್ ಸ್ವಲ್ಪ ಉಬ್ಬಿಯೇ ಕಾಣುತ್ತದೆ. ಕಣ್ಣಂದಾಜು, ಕಾಲಂದಾಜು ಎರಡೂ ಮೋಸ ಹೋಗುವುದು ಇಲ್ಲೇ.

ತಿರುವಿನಲ್ಲಿ ಇವೆರಡರ ನಡಿಗೆ ಬೇರೆ ಬೇರೆ. ಒಂದೇ ಆಕ್ಸಲಿನಲ್ಲಿ ಒಂದು ನೈಲಾನ್, ಒಂದು ರೇಡಿಯಲ್ ಎಂದೂ ಕೂಡದು. ಅನಿವಾರ್ಯವಾದರೆ ರೇಡಿಯಲ್ ಜೊತೆ ಹಿಂದಕ್ಕಿರಬೇಕು, ಮುಂದಕ್ಕಲ್ಲ. ಫೋರ್‌ವೀಲ್ ಹಾಕಿ ಓಡಿಸುವ ಜೀಪಿಗಾದರೆ ನಾಲ್ಕೂ ಒಂದೇ ಜಾತಿ, ಒಂದೇ ಅಳತೆ ಇರಲಿ. ಇಲ್ಲದಿದ್ದರೆ ಗೇರು ಪೆಟ್ಟಿಗೆಗೂ ಕೇಡು.

ಇನ್ನೊಂದು ನಮ್ಮದೇ ರೋಗ. ತೋಟದ ಜೀಪು ವರ್ಷಕ್ಕೆ ಓಡುವುದು ಕಮ್ಮಿ. ಹತ್ತು ವರ್ಷವಾದರೂ ಹಲ್ಲು ಸವೆಯುವುದಿಲ್ಲ, 'ಟಯರು ಹೊಸದೇ ಉಂಟು' ಅನ್ನುತ್ತೇವೆ. ಹಲ್ಲು ಹೊಸದಿದ್ದರೂ ಪಕ್ಕೆ ಮುದಿಯಾಗಿರುತ್ತದೆ. ಬಿಸಿಲು ಬಿದ್ದು ರಬ್ಬರು ಸಣ್ಣಗೆ ಬಿರುಕು ಬಿಟ್ಟಿರುತ್ತದೆ. 2000ದ ನಂತರದ ಟಯರುಗಳ ಪಕ್ಕೆಯಲ್ಲಿ ನಾಲ್ಕಂಕಿಯ ತಾರೀಕು ಇದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಇಂದೇ ಹೋಗಿ ನಿಮ್ಮದನ್ನು ಓದಿ. ನನ್ನ ಸ್ಟೆಪ್ನಿಯ ಪ್ರಾಯ ನೋಡಿ ನನಗೇ ನಾಚಿಕೆಯಾಯಿತು.

ದೊಡ್ಡ ದೇಶದಲ್ಲೂ ಇದೇ ಪಾಠ

ಗಾಳಿಯ ಅಸಡ್ಡೆ ನಮ್ಮ ಗುಡ್ಡಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗಳ ಟಯರಿನ ಹಲ್ಲು ಓಡುವಾಗಲೇ ಕಿತ್ತುಬಂದು ಗಾಡಿ ಮಗುಚಿ ಬಹಳ ಜನ ಸತ್ತರು. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪೆನಿ ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಯಿತು. ಗಾಡಿಯವರು ಹೇಳಿದ್ದ ಗಾಳಿ 26 ಪೌಂಡು, ಟಯರಿನವರು ಬೇಕೆಂದದ್ದು 30. ಟಯರಿನದೇ ದೋಷ ಎಂದು ಅವರು, ಗಾಡಿಯದು ಎಂದು ಇವರು. ಆ ಜಗಳದ ಬೆನ್ನಿಗೇ ಅಲ್ಲಿ ಕಾನೂನು ಬಂತು. 2007ರ ಸಪ್ಟೆಂಬರಿನಿಂದ ಅಲ್ಲಿಯ ಎಲ್ಲ ಹೊಸ ಸಣ್ಣ ವಾಹನಗಳಿಗೂ ಗಾಳಿ ಕಮ್ಮಿಯಾದರೆ ಹೊತ್ತಿಕೊಳ್ಳುವ ದೀಪ ಕಡ್ಡಾಯವಾಯಿತು.

ನಾಲ್ಕು ಪೌಂಡಿನ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಚರ್ಚೆ. ನಾವು ಹದಿನೈದು ಪೌಂಡು ಬಿಟ್ಟು ಮರೆಯುತ್ತೇವೆ.

ನನ್ನ ಅಭಿಪ್ರಾಯ

ಅಳತೆಯಲ್ಲಿ ನಾವು ಕೃಷಿಕರು ಹಿಂದೆ ಬಿದ್ದವರಲ್ಲ. ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬರೆದಿಡುವವರು ನಮ್ಮಲ್ಲಿ ಎಷ್ಟು ಜನ! ಬೋರ್ಡೋಗೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ತೂಗಿ ಹಾಕುತ್ತೇವೆ. ಹಾಲು ಕೊಡುವಲ್ಲಿ ಡಿಗ್ರಿ ಅರ್ಧ ಇಳಿದರೆ ಮಾತಿಗೆ ನಿಲ್ಲುತ್ತೇವೆ. ಏಳೆಂಟು ಜೀವ ಹೊತ್ತುಕೊಂಡು ಗುಡ್ಡ ಇಳಿಯುವ ಗಾಡಿಗೆ ಮಾತ್ರ ಕಾಲಿನ ಒದೆ. ಇದು ಯಾವ ನ್ಯಾಯ?

ಗಾಳಿ ನೋಡುವ ಮೀಟರು ಒಂದು ಕಿಲೋ ಅಡಿಕೆಯ ಕ್ರಯದ ಆಸುಪಾಸಿಗೆ ಸಿಗುತ್ತದೆ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪೂ ಈಗ ಸಿಗುತ್ತದೆ. ಅದು ಬೇಡವಾದರೆ ಕಾಲಲ್ಲಿ ಒತ್ತುವ ಪಂಪು ಸಾಕು, ಬೆವರು ಸ್ವಲ್ಪ ಹೆಚ್ಚು ಅಷ್ಟೆ. ಒಬ್ಬೊಬ್ಬರಿಗೆ ಕಷ್ಟವಾದರೆ ಊರಿನ ಹಾಲಿನ ಸೊಸೈಟಿಯ ಕಟ್ಟೆಯಲ್ಲಿ ಒಂದು ಒಳ್ಳೆ ಮೀಟರು, ಒಂದು ಪಂಪು ಇಡಬಹುದು. ಬೆಳಗ್ಗೆ ಎಲ್ಲ ಗಾಡಿಗಳೂ ಅಲ್ಲಿಗೆ ಬಂದೇ ಬರುತ್ತವೆ.

ನಾನು ಈಗ ಮಾಡುವುದಿಷ್ಟು. ವಾರಕ್ಕೊಮ್ಮೆ ಬೆಳಗ್ಗೆ, ಗಾಡಿ ಹೊರಡುವ ಮೊದಲು, ಟಯರು ತಣ್ಣಗಿರುವಾಗ ಅಳೆಯುತ್ತೇನೆ. ಓಡಿ ಬಿಸಿಯಾದ ಟಯರು ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಬಿಡಬಾರದು. ಎಷ್ಟಿರಬೇಕೆಂಬುದು ಗಾಡಿಯ ಪುಸ್ತಕದಲ್ಲಿ ಅಥವಾ ಬಾಗಿಲ ಚೌಕಟ್ಟಿನಲ್ಲಿ ಇದೆ, ಖಾಲಿಗೆ ಬೇರೆ, ಹೇರಿಗೆ ಬೇರೆ. ಟಯರಿನ ಮೇಲೆ ಬರೆದದ್ದು ಅದು ತಾಳುವ ಹೆಚ್ಚಿನ ಮಿತಿ, ತುಂಬಬೇಕಾದ ಅಳತೆಯಲ್ಲ. ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಬಿಳಿ ಬಣ್ಣದಲ್ಲಿ ಮುಂದಿನ, ಹಿಂದಿನ ಲೆಕ್ಕ ಬರೆದಿಟ್ಟಿದ್ದೇನೆ. ಕೆಸರಿಗೆ ಗಾಳಿ ಬಿಟ್ಟ ದಿನ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ತುಂಬಿಸದೆ ಅದನ್ನು ಬಿಚ್ಚುವಂತಿಲ್ಲ.

ಆ ಅಕ್ಕನ ಆಸ್ಪತ್ರೆ ಖರ್ಚು, ಎರಡು ತಿಂಗಳ ಸಂಬಳ ಕೊಟ್ಟೆ. ಕೈ ಕೂಡಿತು. ಆದರೆ ಮಳೆಗಾಲದಲ್ಲಿ ನೋಯುತ್ತದೆ, ಮೊದಲಿನ ಹಾಗೆ ಹುಲ್ಲು ಹೆರೆಯಲು ಆಗುವುದಿಲ್ಲ. ರಸ್ತೆಯ ಮೇಲೆ ಹಾಕಿದ ಆ ಸುಳ್ಳು ಬಹಳ ದಿನ ನನ್ನನ್ನು ತಿಂದಿತು. ಒಂದು ದಿನ ಮನೆಗೆ ಹೋಗಿ ಹೇಳಿಬಿಟ್ಟೆ, 'ತಪ್ಪು ರಸ್ತೆಯದ್ದಲ್ಲ ಅಕ್ಕ, ಗಾಳಿ ಬಿಟ್ಟು ಮರೆತವನು ನಾನು' ಎಂದು.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಅಂದರು: 'ಹಾಗಾದ್ರೆ ಇನ್ನು ನೋಡಿ ಹೊರಡಿ ಅಣ್ಣ. ಹಿಂದೆ ಕೂತವರಿಗೆ ಟಯರು ಕಾಣುವುದಿಲ್ಲ.'

ಇದಕ್ಕಿಂತ ಹೆಚ್ಚು ನನಗೆ ಹೇಳಲಿಕ್ಕಿಲ್ಲ. ನಿಮ್ಮೂರ ತಿರುವುಗಳಲ್ಲಿ ಏನಾಗಿದೆ, ಗಾಳಿಯ ವಿಷಯದಲ್ಲಿ ನೀವೇನು ಮಾಡುತ್ತೀರಿ, ಪತ್ರಿಕೆಗೆ ಬರೆಯಿರಿ. ಗೆದ್ದದ್ದನ್ನು ಮಾತ್ರವಲ್ಲ, ಸೋತದ್ದನ್ನೂ.